ಕೋಲ್ ಟಾರ್: ಕಚ್ಚಾವಸ್ತು ಎಲ್ಲಿಂದ, ಅವಕಾಶ ಎಲ್ಲಿ?

ರಾಯಚೂರಿನ ಶಕ್ತಿನಗರಕ್ಕೆ ಅಪಾರ ಪ್ರಮಾಣದ ಕಲ್ಲಿದ್ದಲು ಬರುತ್ತಿರುವಾಗ ಅದರಿಂದ ರಾಸಾಯನಿಕಗಳನ್ನೂ ಪಡೆಯಬಹುದಲ್ಲವೇ ಎಂಬ ಪ್ರಶ್ನೆ ಉದ್ಯಮಿಗಳಲ್ಲಿ ಮೂಡುವುದು ಸಹಜ. ಆದರೆ 1985ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಗಾಳಿಯೊಡನೆ ಉರಿದು ಬೂದಿಯಾಗುತ್ತದೆ, ಟಾರ್ ಉಳಿಯುವುದಿಲ್ಲ. ಗಾಳಿ ಸೋಕದಂತೆ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುವ ಕೋಕ್ ಕುಲುಮೆಗಳಲ್ಲಿ ಕೋಕ್‌ನೊಂದಿಗೆ ಟಾರ್ ಹಾಗೂ ಕಚ್ಚಾ ಬೆಂಜೋಲ್ ದೊರೆಯುತ್ತವೆ. ನಮ್ಮ ಭಾಗಕ್ಕೆ ಸಮೀಪದ ಇಂತಹ ಮೂಲವೆಂದರೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕು ಕಾರ್ಖಾನೆ.

ಬೆಂಜೋಲನ್ನು ಹೈಡ್ರೋಜನ್‌ನೊಡನೆ ಸಂಸ್ಕರಿಸಿ ಗಂಧಕದ ಅಂಶ ತೆಗೆದ ಬಳಿಕ ಕುದಿಬಿಂದುವಿನ ಆಧಾರದಲ್ಲಿ ಬೇರ್ಪಡಿಸಲಾಗುತ್ತದೆ: ಬೆಂಜೀನ್ 80, ಟೊಲುಯೀನ್ 111, ಕ್ಸೈಲೀನ್ 138ರಿಂದ 144 ಡಿಗ್ರಿಗಳಲ್ಲಿ. ಟಾರ್‌ನಿಂದ 218 ಡಿಗ್ರಿಯಲ್ಲಿ ಕುದಿಯುವ ನ್ಯಾಫ್ತಲೀನ್ ಲಭಿಸುತ್ತದೆ. ಅರ್ಧದಷ್ಟು ಭಾಗ ಪಿಚ್ ಆಗಿ ಉಳಿಯುತ್ತದೆ.

ಬಟ್ಟಿ ಇಳಿಸುವ ಘಟಕಕ್ಕೆ ಭಾರಿ ಬಂಡವಾಳ ಬೇಕು. ಬೆಂಜೀನ್ ಸುಲಭವಾಗಿ ಹೊತ್ತಿಕೊಳ್ಳುವ, ಕ್ಯಾನ್ಸರ್‌ಕಾರಕ ದ್ರವ. ಆದುದರಿಂದ ರಾಯಚೂರು, ದೇವದುರ್ಗ, ಮಾನ್ವಿಗಳ ಸಣ್ಣ ಉದ್ದಿಮೆದಾರರು ಶುದ್ಧೀಕರಣಕ್ಕೆ ಕೈಹಾಕುವ ಬದಲು ಸಂಸ್ಕರಿತ ನ್ಯಾಫ್ತಲೀನ್ ಖರೀದಿಸಿ ನುಸಿಗುಳಿಗೆ, ಕಾಂಕ್ರೀಟ್ ಮಿಶ್ರಕಗಳಂತಹ ಉತ್ಪನ್ನಗಳತ್ತ ಗಮನಹರಿಸುವುದು ಸೂಕ್ತ. ಖರೀದಿಗೆ ಮುನ್ನ ಶುದ್ಧತೆಯ ಪರೀಕ್ಷಾ ವರದಿಯನ್ನೂ, ಹೂಡಿಕೆಗೆ ಮುನ್ನ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನೂ ಪಡೆಯತಕ್ಕದ್ದು.