ಸರ್ವರಿನ ನಿಧಾನಗತಿಯೂ ಸ್ವಾಪ್ ಸ್ಥಳವೂ: ಕಳವಾರ ಸೀಮೆಯ ಶಾಸನಚಿತ್ರಗಳ ನಿದರ್ಶನ

ಕಳವಾರದುರ್ಗವೆಂದೂ ಹೆಸರಾದ ಸ್ಕಂದಗಿರಿಯ ಸುತ್ತಣ ಸೀಮೆಯ, ಎಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಗ ಇವು ಕೋಲಾರ ಜಿಲ್ಲೆಗೆ ಸೇರಿದ್ದುವು. ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ. ಇಂತಹ ಶಾಸನಗಳ ಛಾಯಾಚಿತ್ರಗಳನ್ನು ಇಂದು ವಿಭಾಗಗಳು ಸರ್ವರಿನಲ್ಲಿ ಸಂಗ್ರಹಿಸಿಡುವುದುಂಟು. ಹತ್ತಾರು ವಿದ್ಯಾರ್ಥಿಗಳು ದೊಡ್ಡ ಚಿತ್ರಗಳನ್ನು ಏಕಕಾಲದಲ್ಲಿ ತೆರೆದಾಗ ಚಿಕ್ಕ ಸರ್ವರು ತೆವಳತೊಡಗುತ್ತದೆ. ಒಮ್ಮೊಮ್ಮೆ ದತ್ತಸಂಚಯದ ಕಾರ್ಯವೇ ನಡುವೆ ನಿಂತು, ಸವೆದ ಸಾಲನ್ನು ಗಂಟೆಗಟ್ಟಲೆ ಓದಿ ನಮೂದಿಸಿದ ಪಾಠವು ಉಳಿಯದೆ ಹೋಗುತ್ತದೆ. ಕಲ್ಲನ್ನೇ ಮತ್ತೆ ನೋಡೋಣವೆಂದರೆ ಅದು ಅಲ್ಲಿಯೇ ಇರುವುದೆಂಬ ಭರವಸೆಯಿಲ್ಲ.

ಇದಕ್ಕೆ ಕಾರಣವೇನು? ಕೆಲಸ ನಡೆಯುತ್ತಿರುವಾಗ ಬೇಕಾದುದೆಲ್ಲವೂ ರ‍್ಯಾಮ್ ಎಂಬ ತತ್ಕಾಲ ಸ್ಮೃತಿಯಲ್ಲಿರಬೇಕು. ಅದು ತುಂಬಿದರೆ ಲಿನಕ್ಸ್ ವ್ಯವಸ್ಥೆಯು ಡಿಸ್ಕಿನಲ್ಲಿ ಮೂಲವುಳ್ಳ ಕಡತಗಳ ಪ್ರತಿಗಳನ್ನು ಕೈಬಿಡುತ್ತದೆ. ಆದರೆ ಕಾರ್ಯಕ್ರಮಗಳು ತಾವೇ ಸೃಷ್ಟಿಸಿಕೊಂಡ ಮಾಹಿತಿಗೆ ಅಂತಹ ಮೂಲವಿಲ್ಲ. ಅದನ್ನು ಇರಿಸಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗವೇ ಸ್ವಾಪ್. ನಮ್ಮ ಸೀಮೆಯ ಕೆರೆಗಳ ಸಾಲನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. ಮೇಲಣ ಕೆರೆ ತುಂಬಿದರೆ ನೀರು ಕೋಡಿಯಿಂದ ಕೆಳಕೆರೆಗೆ ಇಳಿಯುತ್ತದೆ. ಕೋಡಿಯಿಲ್ಲದಿದ್ದರೆ ಏರಿ ಒಡೆಯುತ್ತದೆ. ಸ್ವಾಪ್ ಇಲ್ಲದ ಯಂತ್ರದಲ್ಲಿ ವ್ಯವಸ್ಥೆಯು ಕಡೆಗೆ ಯಾವುದಾದರೊಂದು ಕಾರ್ಯಕ್ರಮವನ್ನು ಕೊಲ್ಲುತ್ತದೆ, ಸಾಮಾನ್ಯವಾಗಿ ಹೆಚ್ಚು ಸ್ಮೃತಿಯನ್ನು ಹಿಡಿದುದನ್ನೇ. ದತ್ತಸಂಚಯವು ಬಲಿಯಾಗುವುದು ಹೀಗೆ.

ಉಪಾಯವೇನೂ ಹೊಸದಲ್ಲ. ಮ್ಯಾಂಚೆಸ್ಟರಿನಲ್ಲಿ ಟಾಮ್ ಕಿಲ್‌ಬರ್ನ್ ಅವರ ನೇತೃತ್ವದಲ್ಲಿ ನಿರ್ಮಿತವಾಗಿ 1962ರಲ್ಲಿ ಕಾರ್ಯಾರಂಭಮಾಡಿದ ಅಟ್ಲಾಸ್ ಗಣಕವು 16,384 ಪದಗಳ ಸ್ಮೃತಿಯನ್ನೂ 98,304 ಪದಗಳ ಕಾಂತಡ್ರಮ್ಮನ್ನೂ ಒಂದೇ ಉಗ್ರಾಣವೆಂಬಂತೆ ಬಳಸಿತು.

ಮಾಡುವ ಕ್ರಮ ಹೀಗೆ. ಮೊದಲು ‘ಫ್ರೀ’ ಆಜ್ಞೆಯಿಂದ ಸ್ಮೃತಿ ಎಷ್ಟು ಉಳಿದಿದೆಯೆಂದು ನೋಡಬೇಕು. ನಿಧಾನಕ್ಕೆ ಕಾರಣ ಬೇರೆಯಿದ್ದರೆ ಈ ಚಿಕಿತ್ಸೆ ನಿಷ್ಫಲ. ಸ್ಮೃತಿಯ ಕೊರತೆಯೇ ನಿಜವಾದರೆ ಡಿಸ್ಕಿನಲ್ಲಿ 2 ಅಥವಾ 4 ಗಿಗಾಬೈಟಿನ ಕಡತವೊಂದನ್ನು ನಿರ್ಮಿಸಿ, ‘ಚ್‌ಮಾಡ್ 600’ರಿಂದ ಇತರರು ಓದದಂತೆ ಮಾಡಬೇಕು. ಸ್ಮೃತಿಯಲ್ಲಿದ್ದ ಗುಪ್ತಪದಗಳೂ ಅಲ್ಲಿಗೆ ಬಂದಾವು. ಆದುದರಿಂದ ಈ ಮೆಟ್ಟಿಲನ್ನು ಉದಾಸೀನ ಮಾಡಲಾಗದು. ಬಳಿಕ ‘ಎಂಕೆಸ್ವಾಪ್’ ಅದನ್ನು ಸಿದ್ಧಗೊಳಿಸುತ್ತದೆ, ‘ಸ್ವಾಪ್‌ಆನ್’ ಬಳಕೆಗೆ ತರುತ್ತದೆ. ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಒಂದು ಸಾಲನ್ನು ಸೇರಿಸದಿದ್ದರೆ ಯಂತ್ರವು ಮತ್ತೆ ಆರಂಭವಾದಾಗ ವ್ಯವಸ್ಥೆಯು ಇದನ್ನು ಬಳಸುವುದಿಲ್ಲ.

ಆದರೆ ಸ್ವಾಪ್ ಸೇರಿಸಿದರೆ ವೇಗ ಹೆಚ್ಚುವುದೆಂಬುದು ಅರ್ಧಸತ್ಯ. ಕೆಳಕೆರೆಯ ನೀರನ್ನು ಮೇಲೆತ್ತಲು ಏತ ಹೂಡಬೇಕು. ರ‍್ಯಾಮಿನಿಂದ ಮಾಹಿತಿ ಪಡೆಯಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡು ಬೇಕು, ಎಂದರೆ ಲಕ್ಷಪಟ್ಟು. ಅಪರೂಪಕ್ಕೆ ಬೇಕಾಗುವುದನ್ನು ಕೆಳಗಿಳಿಸಿದರೆ ಲಾಭ. ಸದಾ ಬೇಕಾಗುವುದೇ ಇಳಿದು ಏರತೊಡಗಿದರೆ ಯಂತ್ರವು ಆ ಕೂಲಿಯಲ್ಲೇ ದಣಿಯುತ್ತದೆ. ಪೀಟರ್ ಡೆನ್ನಿಂಗ್ 1968ರಲ್ಲಿ ವಿವೇಚಿಸಿದ ‘ಥ್ರ್ಯಾಷಿಂಗ್’ ಇದೇ. ‘ವಿಎಂಸ್ಟಾಟ್’ ಆಜ್ಞೆಯ ಎಸ್‌ಐ, ಎಸ್‌ಒ ಕಂಬಸಾಲುಗಳು ಎಡೆಬಿಡದೆ ದೊಡ್ಡ ಅಂಕಿಗಳನ್ನು ತೋರಿದರೆ ರೋಗ ಇದೇ ಎಂದು ತಿಳಿಯಬೇಕು. ಆಗ ರ‍್ಯಾಮನ್ನು ಕೊಳ್ಳುವುದು ಮೇಲು. ಹಣವಿಲ್ಲದ ವಿಭಾಗವು ಶಾಸನಚಿತ್ರಗಳ ಸಣ್ಣ ಪ್ರತಿಗಳನ್ನು ಮೊದಲೇ ಸಿದ್ಧಪಡಿಸಿಟ್ಟು, ಅಕ್ಷರ ಬಿಡಿಸುವವರಿಗೆ ಮಾತ್ರ ಪೂರ್ಣಗಾತ್ರದ ಚಿತ್ರಗಳನ್ನು ಒದಗಿಸಬಹುದು.