ಗರ್ಭಿಣಿಯ ಮನೆ: ಸಹಜವಾದುದೆಲ್ಲ ಹಿತವೇ?

ನಮ್ಮ ಶಾಲೆಯಲ್ಲಿ ಅಕ್ಷರ ಕಲಿತ ಹೆಣ್ಣುಮಕ್ಕಳು ಇಂದು ತಾಯಂದಿರೂ ಅಜ್ಜಿಯರೂ ಆಗಿದ್ದಾರೆ. ಅವರ ಮುಂದೆ ಈ ನಾಲ್ಕು ಮಾತುಗಳನ್ನಿಡುತ್ತೇನೆ.

ನಮ್ಮ ತಾಳವಾಡಿ ಸೀಮೆಯ ರಾಗಿಯು ಗರ್ಭಿಣಿಗೆ ವರವೇ ಸರಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದು ಅತ್ಯಲ್ಪ. ನುಗ್ಗೆಸೊಪ್ಪಿಗೆ ನಿಂಬೆರಸ ಹಿಂಡಿದರೆ ಅದರ ಕಬ್ಬಿಣಾಂಶವು ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆಯೇ ಕುಡಿಯುವ ಕಾಫಿ, ಚಹಾ ಅದನ್ನು ತಡೆಯುತ್ತವೆ.

ಆದರೆ ಸೌದೆಯ ಹೊಗೆಯೂ ಸಹಜವಾದುದೇ ಅಲ್ಲವೇ? ಅದರಲ್ಲಿನ ಕಾರ್ಬನ್ ಮಾನಾಕ್ಸೈಡ್ ತಾಯಿಯ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನಾಕ್ರಮಿಸಿ, ಕೂಸಿನ ತೂಕವನ್ನು ಕುಗ್ಗಿಸಬಲ್ಲದು. ನನ್ನ ತಂಗಿ ತುಂಬು ಬಸುರಿಯಾಗಿಯೂ ಹೊಗೆಯೊಲೆಯ ಮುಂದೆ ಕುಳಿತಳು. ಕಬ್ಬಿಣದ ಮಾತ್ರೆಗಳನ್ನು ‘ಉಷ್ಣ’ವೆಂದು ಹಿತ್ತಿಲಿಗೆಸೆದಳು. ಚೊಚ್ಚಲ ಕೂಸು ಉಳಿಯಲಿಲ್ಲ. ಕಾರಣ ಅದೇ ಎನ್ನಲಾರೆ. ಆದರೆ ಊರಿಗೆಲ್ಲ ಪಾಠ ಹೇಳುತ್ತಿದ್ದ ನಾನು ಮನೆಯಲ್ಲಿ ಸುಮ್ಮನಿದ್ದೆನೆಂಬ ನೋವು ಇಂದಿಗೂ ಇದೆ.

ಆದುದರಿಂದ ಅಡುಗೆಮನೆಗೆ ಗಾಳಿ ಬೆಳಕಿರಲಿ, ಒಲೆಗೆ ಹೊಗೆಕೊಳವೆಯಿರಲಿ. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ 180 ದಿನ ತಪ್ಪದೆ ಸೇವಿಸಿರಿ. ಹಿತ್ತಿಲ ಸೊಪ್ಪೂ ಬೇಕು, ಆರೋಗ್ಯ ಕೇಂದ್ರದ ಮಾತ್ರೆಯೂ ಬೇಕು. ಸೊಸೆಗೆ ಇದನ್ನು ತಿಳಿಹೇಳುವ ಅತ್ತೆಯರು ನಮ್ಮ ಶಾಲೆಯಲ್ಲಿ ಕಲಿತವರಾಗಿರಲೆಂದು ಹಾರೈಸುತ್ತೇನೆ.