ಹಗಲು ಆಫೀಸು, ಸಂಜೆ ಕೆಮಿಸ್ಟ್ರಿ: ಇಂಜಿನಿಯರ್ ಡಾಕ್ಟರಾಗುವ ಲೆಕ್ಕ

ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಹಾಸ್ಟೆಲಿನಲ್ಲಿ ಒಬ್ಬರಾದರೂ ಈ ಮಾತು ತೆಗೀತಾರೆ: "ಮಗಾ, ನಾನು ನಿಜವಾಗ್ಲೂ ಡಾಕ್ಟರ್ ಆಗಬೇಕಿತ್ತು ಕಣೋ." ಉಳಿದವರು ನಗ್ತೀವಿ, ಮಾತು ಅಲ್ಲಿಗೆ ಮುಗಿಯುತ್ತೆ. ನಮ್ಮ ಸೀನಿಯರ್ ಅಕ್ಕ ಒಬ್ಬರು ಮಾತ್ರ ಅದನ್ನು ಅಲ್ಲಿಗೇ ಬಿಡಲಿಲ್ಲ. ಇಲ್ಲಿ ಬಿಇ ಮುಗಿಸಿ ಈಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಹಗಲು ಆಫೀಸು, ಸಂಜೆ ವಿಜ್ಞಾನದ ಕ್ಲಾಸು, ಮುಂದೆ ಮೆಡಿಕಲ್ ಪ್ರವೇಶ ಪರೀಕ್ಷೆ. ಒಂದು ಭಾನುವಾರ ನಾವು ಅವರ ಜೊತೆ ವಿಡಿಯೊ ಕಾಲಿನಲ್ಲಿ ಕೂತೆವು. "ಮೂರೂ ಹೇಗೆ ಒಟ್ಟಿಗೆ ಮಾಡ್ತೀರಾ ಅಕ್ಕಾ?" ಅಂತ ಕೇಳಿದರೆ ಅವರು ಹೇಳಿದ್ದು: "ಒಟ್ಟಿಗೆ ಮಾಡಲ್ಲ. ಅದೇ ಗುಟ್ಟು."

ಅಲ್ಲಿನ ದಾರಿ

ನಮ್ಮಲ್ಲಿ ಪಿಯುಸಿ ಆದಮೇಲೆ ಎಂಬಿಬಿಎಸ್. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ಒಂದು ಪದವಿ, ಆಮೇಲೆ ನಾಲ್ಕು ವರ್ಷದ ಎಂಡಿ. ಆ ಮೊದಲ ಪದವಿ ಯಾವ ವಿಷಯದ್ದಾದರೂ ನಡೆಯುತ್ತೆ. ಆದರೆ ಹೆಚ್ಚಿನ ಮೆಡಿಕಲ್ ಕಾಲೇಜುಗಳು ಲ್ಯಾಬ್ ಸಮೇತ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಕೇಳುತ್ತವೆ. ಬಯೋಕೆಮಿಸ್ಟ್ರಿ ಕೇಳುವವರೂ ಬಹಳ. ಪದವಿ ಮುಗಿಸಿದ ಮೇಲೆ ಇವನ್ನು ಓದುವುದಕ್ಕೆ ಪೋಸ್ಟ್-ಬ್ಯಾಕ್ ಅನ್ನುತ್ತಾರೆ. ಕೆಲಸದಲ್ಲಿರುವವರಿಗಾಗಿ ಸಂಜೆ ಕ್ಲಾಸುಗಳೂ ಇವೆ. 1910ರಲ್ಲಿ ಶುರುವಾದ ಹಾರ್ವರ್ಡ್ ಎಕ್ಸ್‌ಟೆನ್ಶನ್ ಸ್ಕೂಲ್ ಇದಕ್ಕೆ ಹಳೆಯ ಉದಾಹರಣೆ.

ಇಲ್ಲೊಂದು ಸೂಕ್ಷ್ಮ ಇದೆ. ಎಂಡಿ ಕಾಲೇಜುಗಳ ಸಾಮಾನ್ಯ ಅರ್ಜಿ ವ್ಯವಸ್ಥೆ ಆಮ್ಕಾಸ್, ಹೊರದೇಶದಲ್ಲಿ ಓದಿದ ಅಂಕಗಳನ್ನು ಜಿಪಿಎ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದರೆ ಅಕ್ಕ ಇಲ್ಲಿ ನಾಲ್ಕು ವರ್ಷ ಬೆವರು ಸುರಿಸಿ ತೆಗೆದ ಡಿಸ್ಟಿಂಕ್ಷನ್ ಅಲ್ಲಿ ಲೆಕ್ಕಕ್ಕಿಲ್ಲ. ಸಂಜೆ ಕ್ಲಾಸಿನ ಎಂಟ್ಹತ್ತು ಗ್ರೇಡುಗಳೇ ಅವರ ಪೂರ್ತಿ ಜಾತಕ. ಒಂದು ವಿಷಯದಲ್ಲಿ ಸಿ ಬಂದು, ಮತ್ತೆ ಓದಿ ಎ ತೆಗೆದರೂ ಹಳೆಯ ಸಿ ಅಳಿಸಿಹೋಗುವುದಿಲ್ಲ, ಎರಡನ್ನೂ ಕೂಡಿಸುತ್ತಾರೆ. ನಮ್ಮ ಬ್ಯಾಕ್‌ಲಾಗ್ ಥರ "ಮುಂದಿನ ಸೆಮ್‌ನಲ್ಲಿ ಕ್ಲಿಯರ್ ಮಾಡ್ಕೋತೀನಿ" ಅನ್ನುವಂತಿಲ್ಲ.

168 ಗಂಟೆ

ವಾರಕ್ಕೆ 168 ಗಂಟೆ. ಅಕ್ಕ ಪೆನ್ನು ತಗೊಂಡು ಕಳೆಯುತ್ತಾ ಹೋದರು. ಆಫೀಸಿಗೆ 40, ಓಡಾಟಕ್ಕೆ 7, ನಿದ್ದೆಗೆ 49, ಅಡುಗೆ, ಸ್ನಾನ, ಬಟ್ಟೆ, ಮನೆಗೆ ಫೋನು ಇತ್ಯಾದಿಗೆ 21. ಉಳಿದದ್ದು 51. ಲ್ಯಾಬ್ ಇರುವ ಒಂದು ವಿಷಯಕ್ಕೆ ಕ್ಲಾಸು 3, ಲ್ಯಾಬು 4, ಹೋಗಿಬರಲು 2, ಓದು 8, ಒಟ್ಟು 17 ಗಂಟೆ. ಎರಡು ವಿಷಯಕ್ಕೆ 34. ಆಮೇಲೂ 17 ಗಂಟೆ ಮಿಕ್ಕಿತು, ಅದರಲ್ಲಿ ಪ್ರವೇಶ ಪರೀಕ್ಷೆಗೂ ಓದಬಹುದು. ಕಾಗದದ ಮೇಲೆ ಎಲ್ಲಾ ಸರಿಹೋಗುತ್ತೆ!

ಇದೇ ಲೆಕ್ಕ ನಂಬಿ ಮೊದಲ ಟರ್ಮ್‌ನಲ್ಲೇ ಅವರು ಕೆಮಿಸ್ಟ್ರಿ, ಬಯಾಲಜಿ ಎರಡನ್ನೂ ಹಿಡಿದರು. ನವೆಂಬರಿನಲ್ಲಿ ಆಫೀಸಿನಲ್ಲಿ ರಿಲೀಸ್ ಬಂತು, ಜೊತೆಗೆ ಜ್ವರ. ಎರಡು ಲ್ಯಾಬ್ ರಿಪೋರ್ಟು ತಡವಾಯಿತು, ಮಿಡ್‌ಟರ್ಮ್ ಕೈಕೊಟ್ಟಿತು.

ಯಾಕೆ ಹೀಗಾಯ್ತು ಅನ್ನೋದು ಕ್ಯೂಯಿಂಗ್ ಥಿಯರಿ ಓದಿದವರಿಗೆ ತಕ್ಷಣ ಗೊತ್ತಾಗುತ್ತೆ. ಒಂದೇ ಸರ್ವರ್ ಇರುವ ಸರಳ ಮಾದರಿಯಲ್ಲಿ ಸರ್ವರ್ 80 ಶೇಕಡಾ ಬಿಜಿ ಇದ್ದರೆ ಒಂದು ಕೆಲಸ ಮುಗಿಯಲು ಸರಾಸರಿ ಐದು ಪಟ್ಟು ಸಮಯ ಹಿಡಿಯುತ್ತೆ; 95 ಶೇಕಡಾ ಆದರೆ ಇಪ್ಪತ್ತು ಪಟ್ಟು. ಮನುಷ್ಯನ ವಾರವೂ ಹಾಗೇ. ಗಂಟೆ ತುಂಬಿಸಿದಷ್ಟೂ ಒಂದು ಸಣ್ಣ ಅಡಚಣೆ ಹಿಂದಿನದನ್ನೆಲ್ಲ ತಳ್ಳಿಕೊಂಡು ಬರುತ್ತೆ. ಖಾಲಿ ಬಿಟ್ಟ ಗಂಟೆ ಸೋಮಾರಿತನವಲ್ಲ, ಬಫರ್.

ಅಕ್ಕ ಗಡುವು ಮುಗಿಯುವ ಮೊದಲೇ ಬಯಾಲಜಿಯನ್ನು ಕೈಬಿಟ್ಟರು. ಅಂಕಪಟ್ಟಿಯಲ್ಲಿ ಅದಕ್ಕೆ 'ಡಬ್ಲ್ಯೂ' ಬಂತು. ಅದು ಜಿಪಿಎಗೆ ಸೇರುವುದಿಲ್ಲ. "ಅವತ್ತು ರಾತ್ರಿ ಅತ್ತೆ" ಅಂದರು. "ಆದರೆ ಕೆಮಿಸ್ಟ್ರಿ ಉಳೀತು."

ಒಂದಾದ ಮೇಲೊಂದು

ಈಗ ಅವರ ನಿಯಮ: ಆಫೀಸು ಇರುವಾಗ ಒಂದು ಟರ್ಮಿಗೆ ಲ್ಯಾಬ್ ಇರುವ ಒಂದೇ ವಿಷಯ. ಮೊದಲ ವರ್ಷ ಜನರಲ್ ಕೆಮಿಸ್ಟ್ರಿ, ಎರಡನೇ ವರ್ಷ ಬಯಾಲಜಿ, ಮೂರನೇ ವರ್ಷ ಆರ್ಗ್ಯಾನಿಕ್. ಎರಡು ಬೇಸಿಗೆಗಳಲ್ಲಿ ಫಿಸಿಕ್ಸ್ ಅರ್ಧ ಅರ್ಧ. ಆಮೇಲೆ ಒಂದು ಟರ್ಮ್ ಬಯೋಕೆಮಿಸ್ಟ್ರಿ. ಎಂಕ್ಯಾಟ್ ಓದು ಕೊನೆಗೆ, ಬೇರೆ ಕ್ಲಾಸು ಯಾವುದೂ ಇಲ್ಲದ ಜನವರಿಯಿಂದ ಏಪ್ರಿಲ್‌ವರೆಗೆ. ಈಗ ಆರ್ಗ್ಯಾನಿಕ್ ನಡೀತಿದೆ. ಎಂಕ್ಯಾಟ್‌ಗೆ ಅಂತ ಮಾಡುವುದು ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಫ್ಲ್ಯಾಶ್‌ಕಾರ್ಡು, ಅಷ್ಟೇ.

ಎಂಕ್ಯಾಟನ್ನು ನೀಟ್ ಅಂದುಕೊಂಡರೆ ಕಷ್ಟ. ನೀಟ್ ಮೂರು ಗಂಟೆ, 180 ಪ್ರಶ್ನೆ. ಎಂಕ್ಯಾಟ್ 230 ಪ್ರಶ್ನೆ, ಬರೆಯುವ ಸಮಯವೇ 6 ಗಂಟೆ 15 ನಿಮಿಷ; ಬಿಡುವೆಲ್ಲ ಸೇರಿ ಏಳೂವರೆ ಗಂಟೆಯ ಹತ್ತಿರ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸ್ಕೋರು 472ರಿಂದ 528ರವರೆಗೆ. ನಾಲ್ಕು ಭಾಗಗಳಲ್ಲಿ ಒಂದು ಮನಶ್ಶಾಸ್ತ್ರ, ಸಮಾಜಶಾಸ್ತ್ರದ್ದು. ಇನ್ನೊಂದು ಬರೀ ಓದಿ ಅರ್ಥಮಾಡಿಕೊಳ್ಳುವುದು. ಫಾರ್ಮುಲಾ ಗೊತ್ತಿದ್ದರೆ ಸಾಲದು, ಏಳು ಗಂಟೆ ಕೂರುವ ಅಭ್ಯಾಸ ಬೇಕು. ಅದಕ್ಕೆ ಆ ತಿಂಗಳುಗಳ ಶನಿವಾರಗಳನ್ನು ಅಕ್ಕ ಈಗಲೇ ಎತ್ತಿಟ್ಟಿದ್ದಾರೆ.

ಒಟ್ಟು ಎಷ್ಟು ವರ್ಷ? ಅರ್ಜಿ ಹಾಕುವುದು ಒಂದು ವರ್ಷದ ಜೂನ್‌ನಲ್ಲಿ, ಸೇರುವುದು ಮುಂದಿನ ವರ್ಷದ ಆಗಸ್ಟ್ ಹೊತ್ತಿಗೆ. 26ಕ್ಕೆ ಶುರುಮಾಡಿದರೆ ಸೇರುವಾಗ 31, ಎಂಡಿ ಮುಗಿದಾಗ 35. ಆಮೇಲೆ ಕನಿಷ್ಠ ಮೂರು ವರ್ಷ ರೆಸಿಡೆನ್ಸಿ. "ಹೇಗೂ 38 ಆಗುತ್ತೆ, ಡಾಕ್ಟರಾಗಿ ಆಗಲಿ ಅಂತ" ಅಂದು ಅಕ್ಕ ನಕ್ಕರು.

ನಮಗೆ ಏನು?

ಇದನ್ನು ಓದಿ ಯಾರೂ ಟಿಕೆಟ್ ಬುಕ್ ಮಾಡಬೇಡಿ. ಅಕ್ಕನಿಗೆ ಗ್ರೀನ್ ಕಾರ್ಡ್ ಇದೆ. ಅದಿಲ್ಲದವರನ್ನು ಅಲ್ಲಿನ ಬಹಳಷ್ಟು ಮೆಡಿಕಲ್ ಕಾಲೇಜುಗಳು ತೆಗೆದುಕೊಳ್ಳುವುದೇ ಇಲ್ಲ. ಸರ್ಕಾರಿ ಸಾಲವೂ ಸಿಗದು. ಇಲ್ಲೇ ಪ್ರಯತ್ನ ಮಾಡುವವರಿಗೆ ನೀಟ್‌ನಲ್ಲಿ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಪಿಸಿಎಂಬಿ ಓದಿದವರಿಗೆ ದಾರಿ ತೆರೆದೇ ಇದೆ. ಬಯಾಲಜಿ ಇಲ್ಲದವರು 12ನೇ ತರಗತಿಯ ನಂತರ ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ಆಗುತ್ತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೇಳಿದೆ. ಆದರೆ ನಮ್ಮಲ್ಲಿ ಅಂಥ ಸಂಜೆ ಕ್ಲಾಸುಗಳ ವ್ಯವಸ್ಥೆ ಬೆಳೆದಿಲ್ಲ. ಕೆಲಸದ ಜೊತೆ ಓದುವವರು ಗಂಟೆಗಳನ್ನು ತಾವೇ ಹೊಂದಿಸಿಕೊಳ್ಳಬೇಕು.

ಕೆಲಸದ ಜೊತೆ ಗೇಟ್, ಯುಪಿಎಸ್‌ಸಿ ಅಂತ ಪ್ಲ್ಯಾನ್ ಹಾಕಿರುವ ನಮಗೂ ಲೆಕ್ಕ ಇದೇ. ಮುಂದಿನ ಸಲ ಹಾಸ್ಟೆಲಿನಲ್ಲಿ ಯಾರಾದರೂ "ಆಗಬೇಕಿತ್ತು ಕಣೋ" ಅಂದರೆ ನಗೋದು ಬೇಡ. ಒಂದು ಹಾಳೆ ಕೊಡೋಣ. ಮೇಲೆ 168 ಅಂತ ಬರೆದು ಕಳೀತಾ ಬರಲಿ. ಕೊನೆಗೆ ಸೊನ್ನೆ ಉಳಿದರೆ ಒಂದು ವಿಷಯ ಕಡಿಮೆ ಮಾಡಿ ಮತ್ತೆ ಲೆಕ್ಕ ಹಾಕಲಿ.